ಮಡಿಸೀರೆಯ ಡಯಾಲಿಸಿಸ್

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಯಾಕೆಂದರೆ ಪುಣೆಯ ನಮ್ಮ ಆಸ್ಪತ್ರೆಯ ಕಿಡ್ನಿ ವಿಭಾಗದವರು ನನಗೆ ವಹಿಸಿದ ಕೆಲಸ ಸಿಟ್ಟಿನವರು ಮಾಡುವಂಥದ್ದಲ್ಲ.

ನಮ್ಮದು ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ. ಅಲ್ಲಿ ವರ್ಷಗಟ್ಟಲೆ ವಾರ್ಡಿನ ನರ್ಸಾಗಿ ದುಡಿದೆ. ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಕಿಡ್ನಿ ವಿಭಾಗದ ಪ್ರಕಟಣೆ ಕಂಡಿತು. ಒಂದು ವರ್ಷದ ತರಬೇತಿ, ಜೊತೆಗೆ ಸಂಶೋಧನೆಯಲ್ಲಿ ಕೆಲಸ, ನರ್ಸುಗಳೂ ಅರ್ಜಿ ಹಾಕಬಹುದು ಎಂದಿತ್ತು. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಈ ವಯಸ್ಸಿನ್ಯಾಗ ಮತ್ತ ಸಾಲಿಗೆ ಹೋಗ್ತೀಯೇನ?" ಎಂದು ನಕ್ಕರು. ಅವರು ನಕ್ಕಿದ್ದಕ್ಕೇ ಮರುದಿನ ಅರ್ಜಿ ಹಾಕಿದೆ. ವಿಭಾಗದ ಮುಖ್ಯಸ್ಥೆ ಮರಾಠಿಯವರು, ನಾವೆಲ್ಲ ಮ್ಯಾಡಮ್ ಎನ್ನುತ್ತಿದ್ದೆವು. ಇಷ್ಟು ವರ್ಷದ ಮೇಲೆ ಯಾಕೆ ಕಲಿಯಬೇಕು ಅನ್ನಿಸಿತು ಎಂದು ಸಂದರ್ಶನದಲ್ಲಿ ಕೇಳಿದರು. ವಾರ್ಡಿನಲ್ಲಿ ಎಲ್ಲರಿಂದ ಬೈಸಿಕೊಂಡು ಸಾಕಾಗಿದೆ, ಇನ್ನು ಸ್ವಲ್ಪ ದಿನ ನಾನು ಬೈಯಬೇಕೆಂದಿದ್ದೇನೆ ಎಂದೆ. ಅವರು ಕನ್ನಡಕ ತೆಗೆದು ನಕ್ಕರು. ಸೀಟು ಸಿಕ್ಕಿತು.

ಕಿಡ್ನಿ ಕೆಟ್ಟವರೆಲ್ಲ ಆಸ್ಪತ್ರೆಯ ಯಂತ್ರದ ಪಕ್ಕದಲ್ಲೇ ಮಲಗಬೇಕೆಂದೇನಿಲ್ಲ. ಹೊಟ್ಟೆಗೆ ಒಂದು ಮೆತ್ತನೆಯ ನಳಿಗೆ ಕೂಡಿಸಿ, ಅದರಿಂದ ಚೀಲದ ದ್ರಾವಣ ಒಳಗೆ ಬಿಟ್ಟು, ಕೆಲವು ತಾಸು ಬಿಟ್ಟು ಹೊರಗೆ ಬಸಿದರೆ ರಕ್ತದೊಳಗಿನ ಕಲ್ಮಶ ಅದರ ಜೊತೆ ಬರುತ್ತದೆ. ದಿನಕ್ಕೆ ಕೆಲವು ಸಲ ಮನೆಯಲ್ಲೇ ಮಾಡಿಕೊಳ್ಳಬಹುದು, ನೌಕರಿಗೆ ಹೋಗಬಹುದು, ಊರಿಗೂ ಹೋಗಿಬರಬಹುದು. ಆದರೆ ನಳಿಗೆಯ ತುದಿಗೆ ಹೊಸ ಚೀಲ ಸಿಕ್ಕಿಸುವ ಆ ಗಳಿಗೆ ಬಹಳ ನಾಜೂಕಿನದು. ಕೈ ಸ್ವಚ್ಛವಿಲ್ಲದಿದ್ದರೆ ರೋಗದ ಕ್ರಿಮಿಗಳು ನೇರವಾಗಿ ಹೊಟ್ಟೆಯೊಳಗೇ ಹೋಗುತ್ತವೆ. ಕಿಡ್ನಿ ತಜ್ಞರಾಗಲು ಬಂದಿದ್ದ ಎಳೆಯ ಡಾಕ್ಟರುಗಳೂ ನಾನೂ ರಬ್ಬರಿನ ಹೊಟ್ಟೆಯ ಮೇಲೆ ಇದನ್ನು ಒಟ್ಟಿಗೇ ಕಲಿತೆವು. ಮೊದಮೊದಲು ಅವರೂ ನಾನೂ ಒಂದೇ ಸಮ ತಪ್ಪುತ್ತಿದ್ದೆವು.

ಕೆಲವು ಮನೆಗಳಲ್ಲಿ ಸೋಂಕು ಮತ್ತೆ ಮತ್ತೆ ಯಾಕೆ ತಗಲುತ್ತದೆ ಎನ್ನುವುದು ಮ್ಯಾಡಮ್ ಅವರ ಸಂಶೋಧನೆಯ ಪ್ರಶ್ನೆ. ಮನೆಗೆ ಹೋಗಿ, ಒಂದು ಸಲದ ಚೀಲ ಬದಲಿಸುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಬರುವುದು ನನ್ನ ಕೆಲಸ. ನಡುವೆ ತಿದ್ದಕೂಡದು. ತಿದ್ದಿದರೆ ಅವರು ದಿನವೂ ಹೇಗೆ ಮಾಡುತ್ತಾರೆಂಬುದು ತಿಳಿಯುವುದೇ ಇಲ್ಲ. ಏನೇ ಹೇಳುವುದಿದ್ದರೂ ಎಲ್ಲ ಮುಗಿದ ಮೇಲೆ. ನ್ಯಾಯವಾದ ಮಾತೇ. ಆದರೆ ಕಿಟಕಿ ತೆರೆದಿಟ್ಟು, ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿರುವಾಗ ಚೀಲ ಬಿಚ್ಚುವವರನ್ನು ನೋಡುತ್ತ ಕೂರುವುದೆಂದರೆ, ಅಯ್ಯೋ, ಆ ಪಾಡು ನನಗೇ ಗೊತ್ತು.

ಬಿಬವೇವಾಡಿ ಬಡಾವಣೆಯ ಒಂದು ಮನೆಗೆ ಹೋಗು ಎಂದು ಮ್ಯಾಡಮ್ ಹೇಳಿದಾಗ ಅವರ ದನಿಯಲ್ಲಿ ಬೇಸರವಿತ್ತು. ಧಾರವಾಡದ ಕಡೆಯ ಕುಟುಂಬ. ಸೊಸೆಗೆ ಕಾಯಿಲೆ. ಅವಳು ಮನೆಯ ಹತ್ತಿರದ ಶಾಲೆಯಲ್ಲಿ ಗಣಿತದ ಟೀಚರು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿದ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲವಾದ್ದರಿಂದ ಚೀಲವನ್ನು ಬೇರೆಯವರೇ ಸಿಕ್ಕಿಸಬೇಕು. ಗಂಡ ಗೊಬ್ಬರದ ಕಂಪನಿಯ ಕೆಲಸಕ್ಕೆಂದು ಶಿರೂರು, ನಗರ ಎಂದು ಊರೂರು ತಿರುಗುವವನು. ಹೀಗಾಗಿ ಅತ್ತೆಯೇ ಸೊಸೆಯ ಜೊತೆ ಆಸ್ಪತ್ರೆಗೆ ಬಂದು, ನನಗಿಂತ ಮೊದಲಿದ್ದ ನರ್ಸಿನ ಹತ್ತಿರ ಎಲ್ಲ ಕಲಿತು ಹೋಗಿದ್ದರು. ಬಹಳ ಚೆನ್ನಾಗಿ ಕಲಿತಿದ್ದರಂತೆ. ಮಳೆಗಾಲದವರೆಗೆ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಸೊಸೆಗೆ ಒಂದರ ಹಿಂದೊಂದು ಎರಡು ಸಲ ಹೊಟ್ಟೆಯ ಸೋಂಕು. ಬಸಿದ ನೀರು ಅಕ್ಕಿ ತೊಳೆದ ನೀರಿನಂತೆ ಬಂದಿತ್ತು.

"ಇನ್ನೊಂದು ಸಲ ಬಂದರೆ ನಳಿಗೆ ತೆಗೆಯಬೇಕಾಗುತ್ತದೆ," ಎಂದು ಮ್ಯಾಡಮ್ ಮರಾಠಿಯಲ್ಲಿ ಹೇಳಿದರು. ತೆಗೆದರೆ ಉಳಿಯುವುದು ಯಂತ್ರ. ಆದರೆ ಆ ಹುಡುಗಿಯ ಕೈಯ ರಕ್ತನಾಳಗಳು ದಾರದಷ್ಟು ಸಣ್ಣವು. ಯಂತ್ರಕ್ಕೆ ಜೋಡಿಸಲೆಂದು ಹಿಂದೆ ಮಾಡಿದ್ದ ಆಪರೇಶನ್ ಆಗಲೇ ಕೈಕೊಟ್ಟಿತ್ತು. ಕುತ್ತಿಗೆಯಲ್ಲಿ ಕೊಳವೆ ಇಟ್ಟುಕೊಂಡು ಎಷ್ಟು ಕಾಲ? ಶಾಲೆ ಹೋಗಲಿ, ಜೀವಕ್ಕೇ ಸಂಚಕಾರ.

ನಾನು ಹೋದದ್ದು ಮಧ್ಯಾಹ್ನ, ಅವಳು ಶಾಲೆಯಿಂದ ಚೀಲ ಬದಲಿಸಿಕೊಳ್ಳಲು ಬರುವ ಹೊತ್ತಿಗೆ. ಬಾಗಿಲು ತೆರೆದವಳು ಅವಳೇ. ಕನ್ನಡ ಕೇಳಿ ಮುಖ ಅರಳಿತು. ಕೋಣೆಯೊಂದನ್ನು ಇದಕ್ಕೆಂದೇ ಖಾಲಿ ಮಾಡಿದ್ದರು. ನೆಲ ಫಳಫಳ. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ನನಗೂ ಒಂದು ಮಾಸ್ಕ್ ತೆಗೆದಿಟ್ಟಿದ್ದರು. ಇಂಥ ಮನೆಯಲ್ಲಿ ಸೋಂಕು ಹೇಗೆ ಬಂತಪ್ಪಾ ಎಂದುಕೊಂಡೆ.

ಅಷ್ಟರಲ್ಲಿ ಅತ್ತೆ ದೇವರ ಕೋಣೆಯಿಂದ ಬಂದರು. ಉಟ್ಟದ್ದು ಮಾಸಿದ ಕುಂಕುಮ ಬಣ್ಣದ ರೇಷ್ಮೆ ಸೀರೆ. ನನ್ನ ಕಣ್ಣು ಅದರ ಮೇಲೇ ನಿಂತಿತು.

ನನ್ನ ಜಾಗದಲ್ಲಿ ಮರಾಠಿ ಹುಡುಗಿಯೋ ಕೇರಳದ ಸಿಸ್ಟರೋ ಆಗಿದ್ದರೆ, ಪಾಪ, ಸೊಸೆಗಾಗಿ ಎಷ್ಟು ಚೆಂದ ಉಟ್ಟುಕೊಂಡು ಬಂದಿದ್ದಾರೆ ಎಂದುಕೊಳ್ಳುತ್ತಿದ್ದಳೇನೋ. ನಾನು ಬೆಳಗಾವಿಯಲ್ಲಿ ಮಡಿಯ ಅಜ್ಜಿಯ ಕೈಯಲ್ಲಿ ಬೆಳೆದವಳು. ನೂಲಿನ ಸೀರೆಯಾದರೆ ದಿನವೂ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿದರೆ ಮಾತ್ರ ಮಡಿ. ರೇಷ್ಮೆಗೆ ಆ ಕಟ್ಟು ಇಲ್ಲ. ಒಗೆಯದಿದ್ದರೂ ಅದು ಮಡಿಯೇ. ಪೂಜೆ ಮುಗಿದ ಮೇಲೆ ಬಿಚ್ಚಿ ಬಿದಿರ ಗಳುವಿನ ಮೇಲೆ ಹಾಕಿದರೆ ಮರುದಿನ ಮತ್ತೆ ಉಡಲು ತಯಾರು. ನಮ್ಮಜ್ಜಿಯ ರೇಷ್ಮೆ ಮಡಿಸೀರೆ ನೀರು ಕಂಡದ್ದನ್ನು ನಾನಂತೂ ನೋಡಿಲ್ಲ.

ಅತ್ತೆ ಮಾಸ್ಕ್ ಕಟ್ಟಿಕೊಂಡರು. ಮೊಣಕೈವರೆಗೆ ಸಾಬೂನು ಹಚ್ಚಿ, ಬೆರಳ ಸಂದಿಯನ್ನೂ ಬಿಡದೆ ತೊಳೆದರು. ನಮ್ಮ ಎಳೆಯ ಡಾಕ್ಟರುಗಳನ್ನು ಕರೆತಂದು ತೋರಿಸಬೇಕು, ಹಾಗೆ ತೊಳೆದರು. ತೊಳೆದವರೇ ಸೆರಗು ಮುಂದಕ್ಕೆ ಎಳೆದುಕೊಂಡು ಎರಡೂ ಕೈ ಅದಕ್ಕೆ ಒರೆಸಿ, ನಳಿಗೆಯ ಮುಚ್ಚಳಕ್ಕೆ ಕೈ ಹಾಕಿದರು.

ಸಂಶೋಧನೆಯ ಮನೆ ಹಾಳಾಗಲಿ! "ಕಾಕೂ, ನಿಂದರ್ರಿ! ಮುಟ್ಟಬ್ಯಾಡ್ರಿ ಅದನ್ನ!" ಎಂದು ಕೂಗಿಬಿಟ್ಟೆ.

ಅವರು ಬೆಚ್ಚಿ ಕೈ ಮೇಲೆತ್ತಿದರು. "ಯಾಕ್ರೀ, ಏನಾತು? ಸಾಬೂನು ಹಚ್ಚಿ ತೊಳದೇನಲ್ಲ?"

"ತೊಳದೀರಿ. ಒರಿಸ್ಕೊಂಡದ್ದು ಯಾತಕ್ಕ?"

"ಸೆರಗಿಗೆ. ಇದು ಮಡಿ ಅದರೀ. ಟಾವೆಲ್ ಅಂದ್ರ ಮನ್ಯಾಗ ಎಲ್ಲಾರೂ ಮುಟ್ಟಿರ್ತಾರ. ಕೈ ಒರಿಸ್ಕೊಳ್ಳಾಕ ಕೊಟ್ಟ ನಿಮ್ಮ ದವಾಖಾನಿ ಕಾಗದನೂ ಯಾರ್ಯಾರು ಮುಟ್ಟಿರ್ತಾರೋ ಏನೋ."

"ಈ ಸೀರಿ ಯಾವಾಗ ಒಗದೀರಿ?"

"ರೇಶ್ಮಿ ಸೀರಿ ಯಾರರ ದಿನಾ ಒಗೀತಾರೇನ್ರೀ? ಕನ್ನಡದವರಾಗಿ ಇಷ್ಟೂ ಗೊತ್ತಿಲ್ಲೇನು?" ಅವರಿಗೂ ಸಿಟ್ಟು ಬಂದಿತ್ತು. "ಮದಲ ನೂಲಿನ ಸೀರಿ ಉಡತಿದ್ದೆ. ಈ ಊರಿನ ಮಳ್ಯಾಗ ಅದು ಒಣಗಲಿಲ್ಲ. ಅದಕ್ಕ ಇದನ್ನ ಉಟ್ಟೆ. ನಳಿಗಿಗೆ ಏನೂ ತಾಗಬಾರದು ಅಂತ ನೀವ ಹೇಳಿದ್ರಿ. ತಾಗಬಾರದು ಅಂದ್ರ ಮಡಿನಽ ಅಲ್ಲೇನು?"

ಅವರ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ನಾವು ಕಲಿಸಿದ್ದಕ್ಕಿಂತ ಒಂದು ಕೈ ಮಿಗಿಲಾಗಿಯೇ ಮಾಡಿದ್ದರು. ಮತ್ತೆ ಕೈ ತೊಳೆಸಿ, ಆಸ್ಪತ್ರೆಯ ಕಾಗದದಿಂದ ಒರೆಸಿಸಿ ಚೀಲ ಬದಲಿಸುವುದನ್ನು ಮುಗಿಸಿದೆವು. ಆಮೇಲೆ ಅವರ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದೆ. ದೇವರಿಗೆ ಮಡಿಯಾದರೂ, ಬೆವರು, ಧೂಳು ಕೂತ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಇರುತ್ತವೆ, ತೊಳೆದ ಕೈಗೆ ಅಲ್ಲಿಂದಲೇ ಹತ್ತುತ್ತವೆ ಎಂದೆ.

ಅವರು ಸೆರಗನ್ನು ಕೈಯಲ್ಲಿ ಹಿಡಿದು ನೋಡಿದರು. "ಹಂಗಾದ್ರ ನಾನಽ ಹಾಕಿದೆನೇನ್ರೀ, ಇಕಿ ಹೊಟ್ಟ್ಯಾಗ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೇಕಂತ ಮಾಡೀರೇನ್ರೀ, ಕಾಕೂ?" ಎಂದೆ. ಅವರು ಎದ್ದು ಒಳಗೆ ಹೋದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಮೂರನೆಯ ಸೋಂಕು ಆಗಲೇ ಒಳಗೆ ಬೇರೂರಿತ್ತೆಂದು ಕಾಣುತ್ತದೆ. ಎರಡು ದಿನ ಕಳೆಯುವುದರೊಳಗೆ ಹುಡುಗಿ ಹೊಟ್ಟೆ ಹಿಡಿದುಕೊಂಡು ವಾರ್ಡಿಗೆ ಬಂದಳು. ಮ್ಯಾಡಮ್ ಕೂಡಲೇ ನಳಿಗೆ ತೆಗೆಯಲಿಲ್ಲ. ಔಷಧಿಗೆ ಬಗ್ಗಿದರೆ ಉಳಿಸೋಣ, ಇಲ್ಲದಿದ್ದರೆ ತೆಗೆಯಲೇಬೇಕು ಎಂದು ಚೀಲದಲ್ಲೇ ಔಷಧಿ ಹಾಕಿಸಿದರು. ನಾನು ಕೂಗಿದ್ದರಿಂದ ಆ ದಿನದ ಭೇಟಿ ಸಂಶೋಧನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಹೇಳಿದರು. ಬರದಿದ್ದರೆ ಬೇಡ ಎಂದೆ. ಅವರು ಬೈಯಲಿಲ್ಲ. ಮುಂದಿನ ಭೇಟಿಗಳಲ್ಲಿ ಏನು ಉಟ್ಟಿದ್ದಾರೆ, ಕೈ ಯಾವುದಕ್ಕೆ ಒರೆಸುತ್ತಾರೆ ಎಂಬುದನ್ನೂ ನೋಡತಕ್ಕದ್ದು ಎಂದು ಎಲ್ಲರಿಗೂ ತಿಳಿಸಿದರು. ಆದರೆ ಆ ಅತ್ತೆಯ ಕೈಗೆ ಮತ್ತೆ ನಳಿಗೆ ಕೊಡಲು ಅವರಿಗೆ ಧೈರ್ಯವಿರಲಿಲ್ಲ.

"ಒಂದು ಸಲ ಕಾರಣ ತಿಳಿದರೆ ಸಾಕು, ಆ ಹೆಂಗಸು ಪ್ರಾಣ ಹೋದರೂ ತಪ್ಪುವುದಿಲ್ಲ. ನಾನು ಕಲಿಸುತ್ತೇನೆ," ಎಂದು ವಾದಿಸಿದೆ. ಮ್ಯಾಡಮ್ "ಬಘೂಯಾ" ಎಂದರು, ನೋಡೋಣ ಎಂದು. ಅದೂ ಅತ್ತೆ ನನ್ನೆದುರು ಪರೀಕ್ಷೆ ಕೊಟ್ಟು ಪಾಸಾದರೆ ಮಾತ್ರ.

ದೇವರು ದೊಡ್ಡವನು, ನೀರು ದಿನದಿನಕ್ಕೆ ತಿಳಿಯಾಯಿತು. ನಳಿಗೆ ಉಳಿಯಿತು. ಆದರೆ ಈಗ ಅತ್ತೆಯೇ ಒಲ್ಲೆ ಎಂದು ಕೂತರು. ಮಗ ರಜೆ ಹಾಕಿ ಕೆಲವು ದಿನ ಚೀಲ ಬದಲಿಸಿದ. ರಜೆ ಮುಗಿಯುತ್ತ ಬಂತು. ಇನ್ನು ಮಾಡುವವರು ಯಾರು? ಮಾಡುವವರಿಲ್ಲದಿದ್ದರೆ ನಳಿಗೆ ಉಳಿದೂ ಉಪಯೋಗವಿಲ್ಲ. ಏನಾದರಾಗಲಿ ಎಂದು ಅತ್ತೆ ಸೊಸೆ ಇಬ್ಬರನ್ನೂ ನಮ್ಮ ತರಬೇತಿ ಕೋಣೆಗೆ ಕರೆಸಿದೆ.

ಅತ್ತೆ ಒಗೆದ ನೂಲಿನ ಸೀರೆ ಉಟ್ಟು ಬಂದಿದ್ದರು. ಬಂದವರು ಗೋಡೆಯ ಕಡೆಯ ಕುರ್ಚಿಯಲ್ಲಿ ಕೂತರು. "ನನ್ನ ಕೈ ಬ್ಯಾಡ್ರೀ. ಮತ್ತೇನರ ಆದ್ರ ನಾನು ಹೆಂಗ ಬದುಕಲಿ? ಬ್ಯಾರೆ ಯಾರಿಗರ ಕಲಸ್ರಿ."

"ಬ್ಯಾರೆ ಯಾರೂ ನನಗ ಬ್ಯಾಡ," ಎಂದಳು ಸೊಸೆ.

ನನ್ನ ಸಿಟ್ಟು ನೆತ್ತಿಗೇರಿತು. ಅದು ಹೊರಳಿದ್ದು ಈ ಹುಡುಗಿಯ ಮೇಲೆ. "ಅಲ್ಲವಾ, ನೀ ಸಾಲಿ ಟೀಚರು. ಅತ್ತಿ ಜೋಡಿ ನೀನೂ ಇದಽ ಕೋಣ್ಯಾಗ ಕೂತು ಎಲ್ಲಾ ಕಲ್ತಿದ್ದಿ. ಅವರು ಒಗೀಲಾರದ ಸೀರಿಗೆ ಕೈ ಒರಿಸಿದಾಗ ನಿನಗ ತಿಳೀಲಿಲ್ಲೇನು?"

"ತಿಳದಿತ್ತು," ಎಂದಳು.

ಅತ್ತೆ ತಲೆ ಎತ್ತಿದರು.

"ಮದಲನೇ ದಿನಾನಽ ತಿಳದಿತ್ತು, ಸಿಸ್ಟರ್. ಹೇಳಬೇಕಂತ ಬಾಯಿ ತನಾ ಬಂದಿತ್ತು." ಅವಳು ನನ್ನನ್ನು ನೋಡುತ್ತಿರಲಿಲ್ಲ, ಅತ್ತೆಯನ್ನೂ ನೋಡುತ್ತಿರಲಿಲ್ಲ. "ಮದುವಿ ಆದಾಗಿಂದ ನಾ ಹೊರಗಾದ್ರ ಆ ದಿನಾ ಬ್ಯಾರೆ ಕೂಡತೇನಿ. ತಾಟು ಬ್ಯಾರೆ, ಹಾಸಗಿ ಬ್ಯಾರೆ. ಅತ್ಯಾ ಆ ಸೀರಿ ಉಟ್ಟಾಗಂತೂ ನನ್ನ ನೆರಳೂ ಬೀಳಬಾರದು. ನಾ ಏನೂ ಅಂದಿಲ್ಲ, ಅವರ ಪದ್ಧತಿ ಅದು. ಅಂಥಾ ದಿನಾ ಮನಿಯವರು ರಜಾ ಹಾಕಿ ಚೀಲಾ ಬದಲಸ್ತಿದ್ರು. ಮಳೆಗಾಲದಾಗ ನಾ ಹೊರಗಾದಾಗ ಅವರು ಊರಾಗ ಇರಲಿಲ್ಲ. ಚೀಲಾ ಬದಲಿಸೋ ಹೊತ್ತಾತು. ಇವತ್ತ ಯಾರು ಮಾಡೋರು ಅಂತ ಕೂತಿದ್ದೆ. ಆಗ ಅತ್ಯಾ ಬಂದ್ರು. ಅದಽ ಸೀರಿ ಉಟ್ಟು ಬಂದ್ರು. ಹೊಟ್ಟಿ ಮ್ಯಾಲೆ ಕೈ ಇಟ್ಟು, 'ನೋವಾತೇನು?' ಅಂದ್ರು." ಅವಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ದೇವರನ್ನ ಮುಟ್ಟೋ ಸೀರಿ ಉಟ್ಟು ನನ್ನ ಮುಟ್ಟಿದ್ರು, ಸಿಸ್ಟರ್. ಅದನ್ನ ಬಿಚ್ಚಿ ಬರ್ರಿ ಅಂತ ಹೆಂಗ ಹೇಳ್ಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಣ್ಣು ತುಂಬಿ ಬಂತು.

ಅತ್ತೆ ಕುರ್ಚಿಯಿಂದ ಎದ್ದರು. "ಹುಚ್ಚಿ," ಎಂದರು. "ಖರೇನ ಹುಚ್ಚಿ ಇದ್ದೀ. ಸೀರಿ ಹೋದ್ರ ಹೋಗತದ, ನೀ ಹೋಗಿದ್ರ?" ಒಂದು ಗಳಿಗೆ ಸೊಸೆಯ ತಲೆಯ ಮೇಲೆ ಕೈ ಇಟ್ಟು ನಿಂತು, ಆಮೇಲೆ ನಲ್ಲಿಯ ಹತ್ತಿರ ಹೋದರು. ಮಾಸ್ಕ್ ಕಟ್ಟಿಕೊಂಡು, ಬಳೆ ಮೇಲೆ ಸರಿಸಿ ತೊಳೆಯತೊಡಗಿದರು. ತೊಳೆದು, ಮುಖ ಗಂಟಿಕ್ಕಿಕೊಂಡೇ ನಮ್ಮ ಕಾಗದ ತೆಗೆದುಕೊಂಡು ಒಂದೊಂದು ಬೆರಳನ್ನೂ ಒರೆಸಿದರು. ತಿರುಗಿ ನೋಡಿದರೆ ಇತ್ತ ಸೊಸೆ ಅಳುತ್ತಿದ್ದಳು, ಅತ್ತ ನಾನು.

"ನೀ ಅಲ್ಲಾಡಬ್ಯಾಡ," ಎಂದು ಅವಳಿಗೆ ಹೇಳಿದರು. ನನ್ನ ಕಡೆ ನೋಡಿ, "ಸಿಸ್ಟರ್, ನಿಮಗ ಅಳೂದಿದ್ರ ಹೊರಗ ಹೋಗಿ ಅಳ್ರಿ. ನಾ ಈಗ ನಳಿಗಿ ಮುಚ್ಚಳಾ ತಗೀಯಾಕಿ ಇದ್ದೀನಿ," ಎಂದರು.

ನಾನು ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ. ಪರೀಕ್ಷೆಯನ್ನು ಬಾಗಿಲಿನ ಗಾಜಿನಿಂದಲೇ ನೋಡಿದೆ. ಕಣ್ಣು ಒರೆಸಿಕೊಂಡು ಒರೆಸಿಕೊಂಡು ನೋಡಿದೆ. ನಳಿಗೆಯ ತುದಿಗೆ ಏನೂ ತಾಗಲಿಲ್ಲ.