ಉಗುರಿನ ಮೇಲಿನ ನೀಲಿ

ಅವರ ಎಡಗೈ ಹೆಬ್ಬೆರಳಿನ ಉಗುರು ಉಗುರಿನ ಬಣ್ಣದಲ್ಲಿ ಇರುತ್ತಿದ್ದದ್ದೇ ಕಡಿಮೆ. ಕಾರಿನ ಬಣ್ಣ ಕಲೆಸಿದಾಗ ಮೊದಲ ಹನಿಯನ್ನು ಅದರ ಮೇಲೆ ಬಿಟ್ಟು, ಬಿಸಿಲಿಗೆ ಹಿಡಿದು, ಕತ್ತು ಓರೆ ಮಾಡಿ ನೋಡುತ್ತಿದ್ದರು. ಹಾಗಾಗಿ ಬೆಟಗೇರಿಯ ನಮ್ಮ ಓಣಿಯಲ್ಲಿ ಪೇಂಟರ್ ಚಾಚಾನ ಉಗುರು ನೋಡಿದರೆ ಆ ವಾರ ಯಾರ ಗಾಡಿ ಬಂದಿದೆ ಎಂದು ತಿಳಿಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಮಾತ್ರ ಅದು ಖಾಲಿ. ಬಣ್ಣದ ಪದರ ಇದ್ದರೆ ಅದರಡಿ ನೀರು ತಾಗುವುದಿಲ್ಲ, ಕೈಕಾಲು ತೊಳೆಯುವ ವಜೂ ಪೂರ್ತಿಯಾಗುವುದಿಲ್ಲ ಎಂದು ನಮಾಜಿಗೆ ಹೊರಡುವ ಮುನ್ನ ಥಿನ್ನರ್ ಅದ್ದಿದ ಬಟ್ಟೆಯಿಂದ ತಿಕ್ಕಿ ತೆಗೆಯುತ್ತಿದ್ದರು. ಸಂಜೆಯೊಳಗೆ ಮತ್ತೆ ಯಾರದೋ ಕಾರು ಬಂದು ಅಲ್ಲಿ ಕೂರುತ್ತಿತ್ತು.

ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದನ್ನು ಬರೆಯುವಾಗ ಕೈ ತಡೆಯುತ್ತದೆ. ತಗ್ಗು ಬಿದ್ದಲ್ಲಿ ಪೇಂಟರನಂತೆ ಪುಟ್ಟಿ ತುಂಬಿ ತಿಕ್ಕಿಬಿಡುವ ಚಾಳಿ ನೆನಪಿಗೂ ಇದೆ.

ಗದಗ ಜಿಲ್ಲೆಯಾದ ಹೊಸತು. ಕಚೇರಿಗಳು ಬಂದವು, ಅಧಿಕಾರಿಗಳು ಬಂದರು, ಅವರನ್ನು ಹೊತ್ತು ತಿರುಗುವ ಬಾಡಿಗೆ ಕಾರುಗಳು ಬಂದವು. ಲಕ್ಷ್ಮೇಶ್ವರ, ಮುಂಡರಗಿಯಿಂದಲೂ ಗಾಡಿಗಳು ಚಾಚಾನ ಅಂಗಳ ಹುಡುಕಿಕೊಂಡು ಬರುತ್ತಿದ್ದವು. ಚಾಚಾಗೆ ತಮ್ಮ ಕೆಲಸದ ಬಗ್ಗೆ ವಿಪರೀತ ಜಂಬ. ತಾವು ಬಣ್ಣ ಹೊಡೆದ ಕಾರು ರಸ್ತೆಯಲ್ಲಿ ಎದುರಾದರೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಬಾಗಿಲಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿ, "ಹ್ಞಾಂ, ಹೋಗು" ಎಂದು ಬಿಡುತ್ತಿದ್ದರು.

ಸ್ಪ್ರೇ ಗನ್ನಿನ ಮೂರು ನಾಝಲ್‌ಗಳನ್ನು ಒಂದು ಹಳೆಯ ಸುಣ್ಣದ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದರು. ಅಂಗಡಿಯವರು ತೂತಿನ ಅಳತೆ ಹಿಡಿದು ಅವನ್ನು ಒಂದು ಪಾಯಿಂಟ್ ಎಂಟು, ಒಂದು ಪಾಯಿಂಟ್ ನಾಲ್ಕು, ಒಂದು ಪಾಯಿಂಟ್ ಮೂರು ಎನ್ನುತ್ತಿದ್ದರು. ಚಾಚಾಗೆ ಅವರು ದೊಡ್ಡಾಕಿ, ನಡುವಿನಾಕಿ, ಸಣ್ಣಾಕಿ.

"ದೊಡ್ಡಾಕಿಗೆ ಗಂಜಿ, ನಡುವಿನಾಕಿಗೆ ಸಾರು, ಸಣ್ಣಾಕಿಗೆ ತುಪ್ಪ" ಎನ್ನುವರು. ಗಂಜಿ ಎಂದರೆ ದಪ್ಪನೆಯ ಪ್ರೈಮರ್, ಸಾರು ಎಂದರೆ ಬಣ್ಣ, ತುಪ್ಪ ಎಂದರೆ ಕೊನೆಗೆ ಹೊಡೆಯುವ ಹೊಳಪಿನ ಕೋಟು. "ಒಬ್ಬಾಕಿ ತಾಟು ಇನ್ನೊಬ್ಬಾಕಿ ಮುಂದ ಇಟ್ಟಿ ಅಂದ್ರ ಮನಿಯೆಲ್ಲಾ ರಾಡಿ."

ನಾನು ಹಳೆಯ ಕಾರೊಂದನ್ನು ಕೊಂಡು ಬಾಡಿಗೆಗೆ ಬಿಡಲು ಹೊರಟಾಗ ಚಾಚಾ ಕೆಲಸ ನಿಲ್ಲಿಸಿ ವರ್ಷವಾಗಿತ್ತು. ಎದೆಯಲ್ಲಿ ಉಸಿರು ಸಿಳ್ಳೆ ಹಾಕುತ್ತಿತ್ತು. ಇನ್ನೊಮ್ಮೆ ಗನ್ ಹಿಡಿದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿದ್ದರು. ಚಾಚಿ ಗಂಡನ ಬಲಗೈಯನ್ನು ತನ್ನ ನೆತ್ತಿಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದ್ದಳು. ಅಂದಿನಿಂದ ಚಾಚಾ ಎಡಗೈಯನ್ನು ಜುಬ್ಬಾದ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಖಾಲಿ ಉಗುರು ಯಾರಿಗೂ ಕಾಣಬಾರದು.

ನಾನೇ ಬಣ್ಣ ಹೊಡೆಯುತ್ತೇನೆ ಎಂದಾಗ ನಕ್ಕರು. "ಲೇ, ನೀ ಕಾರಿಗೆ ಬಣ್ಣ ಹೊಡೀತೀಯೋ, ಬಣ್ಣಕ್ಕ ಕಾರು ಹೊಡೀತೀಯೋ?" ಮರುದಿನ ಗನ್ನನ್ನೂ ಸುಣ್ಣದ ಡಬ್ಬಿಯನ್ನೂ ತಾವೇ ತಂದುಕೊಟ್ಟರು. "ನಮ್ಮ ಅಂಗಳದಾಗ ಹೊಡಿ. ನಾ ಕುರ್ಚಿ ಮ್ಯಾಲೆ ಕುಂತಿರ್ತೀನಿ."

"ಕುರ್ಚಿ ಬಿಟ್ಟು ಎದ್ರ ನೋಡ್ರಿ ಮತ್ತ" ಎಂದಳು ಚಾಚಿ ಒಳಗಿನಿಂದ.

ಪ್ರೈಮರ್, ನೀಲಿ ಬಣ್ಣ ಎರಡೂ ಹೇಗೋ ಮುಗಿದವು. ಹೊಳಪಿನ ಕೋಟಿಗೆ ಮಾತ್ರ ಅಮಾವಾಸ್ಯೆಯ ತನಕ ಕಾಯಬೇಕಾಯಿತು. ನಮ್ಮ ಓಣಿಯ ಗಾಳಿಯಲ್ಲಿ ಸದಾ ಹತ್ತಿಯ ಎಳೆ ತೇಲುತ್ತದೆ. ಮನೆ ಮನೆಗೂ ಮಗ್ಗ. ಹಸಿ ಹೊಳಪಿನ ಮೇಲೆ ಅದು ಕೂತರೆ ಕಾರಿಗೆ ರೋಮ ಬಂದಂತೆ. ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತವೆ. ಬೇರೆ ಊರಿನವರು ಆ ದಿನ ಗಾಡಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿದರೆ, ಚಾಚಾ ತಮ್ಮ ಜೀವಮಾನವಿಡೀ ಆ ದಿನವೇ ಕೊನೆಯ ಕೋಟು ಹೊಡೆದಿದ್ದರು. ಮೊಹರಂ ಯಾವಾಗ ಎಂದು ಮರೆತರೂ ಅಮಾವಾಸ್ಯೆ ಮರೆಯುತ್ತಿರಲಿಲ್ಲ ಎಂದು ಚಾಚಿ ಬೈಯುತ್ತಿದ್ದಳು.

ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದೆವು. ಗಾಳಿ ಬರುವ ಕಡೆ ಹೊಸ್ತಿಲ ಬಳಿ ಕುರ್ಚಿ. ಅದರಲ್ಲಿ ಮೂಗಿಗೆ ವಸ್ತ್ರ ಕಟ್ಟಿಕೊಂಡ ಚಾಚಾ. ಹಿಂದೆ ಬಾಗಿಲಲ್ಲಿ ಚಾಚಿ. ಹೊತ್ತು ಮುಳುಗುವುದರೊಳಗೆ ಮುಗಿಯಲಿ, ಬೆಳಗಾದರೆ ಮಗ್ಗ ಶುರುವಾಗುತ್ತದೆ ಎಂಬ ಅವಸರ ನನಗೆ. ತೂತು ದೊಡ್ಡದಾದರೆ ಕೆಲಸ ಜಲ್ದಿ ಎಂದುಕೊಂಡು ದೊಡ್ಡಾಕಿಯನ್ನೇ ಕೂಡಿಸಿ ಕಾರಿನ ಹಿಂಬಾಗಿಲಿಗೆ ಹೊಡೆಯತೊಡಗಿದೆ.

ಗನ್ನಿಗೆ ಗಾಳಿ ಊದಲು ಪಂಕ್ಚರ್ ಅಂಗಡಿಯಿಂದ ತಂದ ಪುಟ್ಟ ಕಂಪ್ರೆಸರ್ ಏದುಸಿರು ಬಿಟ್ಟಿತು. ಗನ್ ಮಂಜು ಉಗುಳುವ ಬದಲು ಹನಿ ಉಗುಳತೊಡಗಿತು. ಚಾಚಾ ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಿದ್ದರು.

"ಯಾರನ್ನ ಕೂಡಿಸೀಲೇ?"

"ದೊಡ್ಡಾಕಿನ್ನರೀ."

"ಆ ಕುರಿಮರಿ ಕಂಪ್ರೆಸರ್ ಮ್ಯಾಲೆ ಎತ್ತಿನ ಹೊರಿ ಹೇರೀಯಲ್ಲೋ ಮಾರಾಯ."

ಅಷ್ಟರಲ್ಲಿ ಬಾಗಿಲಿನ ಮೇಲೆ ಹೊಳಪು ಧಾರೆಯಾಗಿ ಇಳಿಯತೊಡಗಿತ್ತು. ನಾನು ಬಟ್ಟೆ ಎತ್ತಿಕೊಂಡೆ.

"ಮುಟ್ಟಬ್ಯಾಡ. ಅಳೋರನ್ನ ಅಳಾಕ ಬಿಡು. ಒಣಗಿದ ಮ್ಯಾಲೆ ನೀರು ಹಾಕಿ ಉಸುಕಿನ ಪೇಪರ್‌ಲೆ ತಿಕ್ಕೋಣು."

ಇಲ್ಲಿಂದ ಮುಂದೆ ನನ್ನ ಬಳಿ ಇರುವ ಚಿತ್ರ ಇದು: ಚಾಚಾ ಏಳುತ್ತಾರೆ, ನನ್ನ ಕೈಯಿಂದ ಗನ್ ತೆಗೆದುಕೊಂಡು ಸಣ್ಣಾಕಿಯನ್ನು ಕೂಡಿಸುತ್ತಾರೆ, ಸೊಂಟದಿಂದಲೇ ತೂಗುತ್ತ ಇಡೀ ಕಾರಿಗೆ ಒಂದೇ ಉಸಿರಿನಲ್ಲಿ ಹೊಳಪು ಹೊದಿಸುತ್ತಾರೆ. ಅವರ ಕೈಯ ನರ ಕೂಡ ನನಗೆ ಕಾಣುತ್ತದೆ. ಈ ಕಥೆಯನ್ನು ಬಹಳ ಜನರಿಗೆ ಹೇಳಿದ್ದೇನೆ. ಶಿರಹಟ್ಟಿಗೆ ಹೋಗುವಾಗ ಕಾರಿನಲ್ಲಿ ಕೂತವರೆಲ್ಲ ಇದನ್ನು ಕೇಳಿದವರೇ.

ಚಾಚಾ ತೀರಿಕೊಂಡ ಮೇಲೆ ಒಮ್ಮೆ ಚಾಚಿಯ ಎದುರೂ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಎದ್ದಿದ್ರು, ಖರೆ. ಕಾರಿನ ತನಕಾನೂ ಹೋದ್ರು. ಆಮ್ಯಾಲೆ ತಿರುಗಿ ನನ್ನ ಮಾರಿ ನೋಡಿದ್ರು. ನಾ ಏನೂ ಅನ್ನಲಿಲ್ಲಪ್ಪಾ. ಬಂದು ಕುರ್ಚಿ ಮ್ಯಾಲೆ ಕುಂತ್ರು. ಹೊಡದಾಂವ ನೀನ. ಅವ್ರು ಕುಂತಲ್ಲೇ 'ಮುಂದ ಸರಿ, ನಿಲ್ಲಬ್ಯಾಡ, ಬಿಡು' ಅಂತಿದ್ರು. ಗನ್ ಒತ್ತಿದಾಂಗ ಬೆರಳಿಲೆ ಕುರ್ಚಿ ಕೈ ಒತ್ತತಿದ್ರು. ಅದನ್ನ ನೋಡಲಾರದ ನಾ ಒಳಗ ಹೋಗಿ ಅತ್ತೆ."

ಯಾವುದು ನಿಜ? ಚಾಚಿಯದೇ ಇರಬೇಕು. ಆದರೂ ಕಣ್ಣು ಮುಚ್ಚಿದರೆ ಗನ್ನಿನ ಮೇಲೆ ಕಾಣುವುದು ಅವರ ಕೈಯೇ. ಬಹುಶಃ ಆ ಮಧ್ಯಾಹ್ನ ನನ್ನ ಕೈ ನನ್ನ ಮಾತು ಬಿಟ್ಟು ಅವರ ಮಾತು ಕೇಳುತ್ತಿತ್ತು.

ಸಂಜೆ ಕಾರು ಹೊಳೆಯುತ್ತ ನಿಂತಿತು. ಚಾಚಾ ಅದರ ಬಾಗಿಲಿನಲ್ಲಿ ಮುಖ ನೋಡಿಕೊಂಡರು, ಮೀಸೆ ತೀಡಲಿಲ್ಲ. ಉಳಿದ ನೀಲಿಯ ಡಬ್ಬಿಯನ್ನು ಕೇಳಿದರು. "ಎಲ್ಲ್ಯರೆ ಗೀರಿದ್ರ ಬೇಕಾಗ್ತೈತಿ, ನನ್ನ ಹತ್ರ ಇರಲಿ." ಕೊಟ್ಟೆ. ಆ ಮೇಲೆ ಅದು ಮರೆತೇಹೋಯಿತು.

ಅವರು ಹೋದದ್ದು ಮುಂದಿನ ಚಳಿಗಾಲದಲ್ಲಿ, ಉಸಿರಿನಿಂದಲೇ. ಮಾಡಿದ ಆಣೆ ಅವರನ್ನು ಉಳಿಸಲಿಲ್ಲ. ಅಂಗಳದಲ್ಲಿ ನಿಂತಿದ್ದೆ. ಒಳಗೆ ಅವರ ಮೈ ತೊಳೆಯುತ್ತಿದ್ದವರಲ್ಲಿ ಒಬ್ಬರು ಹೊರಬಂದು ನನ್ನನ್ನೇ ಕರೆದರು. "ನಿಮ್ಮ ಮನ್ಯಾಗ ಥಿನ್ನರ್ ಐತೇನ್ರಿ?"

ನನಗೆ ಅರ್ಥವಾಗಲಿಲ್ಲ.

"ಚಾಚಾಂದು ಹೆಬ್ಬಟ್ಟಿನ ಉಗುರು ನೀಲಿ ಐತ್ರಿ. ನೀರು ತಾಗಬೇಕಲ್ಲ."

ಕಾರಿಗೆ ಬಣ್ಣ ಹೊಡೆದು ತಿಂಗಳುಗಳೇ ಕಳೆದಿದ್ದವು. ಶುಕ್ರವಾರ ತಿಕ್ಕಿ ತೆಗೆದು, ನಮಾಜು ಮುಗಿಸಿ ಬಂದು, ಆ ನೀಲಿಯ ಡಬ್ಬಿಯಿಂದ ಮತ್ತೆ ಒಂದು ಹನಿ. ಪ್ರತಿ ವಾರವೂ. ಜೇಬಿನಲ್ಲಿದ್ದ ಕೈಯನ್ನು ನಾವು ಯಾರೂ ನೋಡಿರಲಿಲ್ಲ.

ಓಡಿಹೋಗಿ ಥಿನ್ನರ್ ತಂದೆ. ಬಟ್ಟೆ ಬೇಕೆಂದರು. ಪಕ್ಕದ ಮನೆಯ ಮಗ್ಗದ ಬಳಿ ಬಿದ್ದಿದ್ದ ಹತ್ತಿ ಬಟ್ಟೆಯ ತುಂಡೊಂದನ್ನು ಹೊಸ್ತಿಲ ಈಚೆಯಿಂದಲೇ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅದು ನೀಲಿಯಾಗಿ ನನ್ನ ಕೈಗೆ ವಾಪಸು ಬಂತು.