ಅರೆಹೊಟ್ಟೆ ಮರಿಗಳ ತೂಕ

ನನ್ನ ಅಣ್ಣನನ್ನು ಕಳ್ಳ ಎಂದರು. ಅದೂ ಕುರಿ ಸಂಶೋಧನಾ ಕೇಂದ್ರದ ಅಂಗಳದಲ್ಲಿ, ಕಸ ಗುಡಿಸುವವರಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರನ್ನೂ ನಿಲ್ಲಿಸಿಕೊಂಡು. ಇಪ್ಪತ್ತಾರು ವರ್ಷದಿಂದ ಮರಿಗಳಿಗೆ ಮೇವು ತೂಗಿ ಹಾಕುತ್ತಿರುವ ಮನುಷ್ಯ ಅವನು. ಹಿಂಡಿ ಒಂದು ಚಿಟಿಕೆ ಹೆಚ್ಚಾದರೂ ಮತ್ತೆ ಚೀಲಕ್ಕೇ ಸುರಿಯುತ್ತಾನೆ ಎಂದು ಜೊತೆಯವರು ಅವನಿಗೆ ‘ತಕ್ಕಡಿ’ ಎಂದೇ ಹೆಸರಿಟ್ಟಿದ್ದರು. ಮನೆಯಲ್ಲೂ ಅದೇ ಗೋಳು. ಅತ್ತಿಗೆ ಬಡಿಸುವಾಗ ಸಾಕು ಎಂದರೆ ಸಾಕು, ಆಮೇಲೆ ಒಂದು ತುತ್ತೂ ತಟ್ಟೆಗೆ ಬೀಳುವಂತಿಲ್ಲ.

ಈ ರಂಪಕ್ಕೆ ಕಾರಣ ಮೇವಿನ ಒಂದು ಪ್ರಯೋಗ. ಅದಕ್ಕೆ ಮೂರು ದೊಡ್ಡಿ. ಒಂದರ ಮರಿಗಳಿಗೆ ತಿಂದಷ್ಟು ಮೇವು, ಎರಡನೆಯದಕ್ಕೆ ಮುಕ್ಕಾಲು ಪಾಲು, ಮೂರನೆಯದಕ್ಕೆ ಅರ್ಧ. ಯಾವುದು ಎಷ್ಟು ಬೆಳೆಯುತ್ತದೆ, ಯಾವುದರ ಮಾಂಸ ಹೇಗಿರುತ್ತದೆ ಎಂದು ನೋಡಬೇಕಿತ್ತು. ಅರೆಹೊಟ್ಟೆ ಮರಿಗಳು ಅರಚಿದರೆ ಅಣ್ಣನಿಗೆ ಕರುಳು ಚುರ್ ಎನ್ನುತ್ತಿತ್ತು, ನಿಜ. ಆದರೆ ಕೈ ಮಾತ್ರ ಜಾರಲಿಲ್ಲ.

ಕೊನೆಯ ತೂಕದಲ್ಲಿ ಅರ್ಧ ತಿಂದ ಮರಿಗಳು ಮುಕ್ಕಾಲು ತಿಂದವುಗಳ ಸಮಕ್ಕೆ ಬಂದುಬಿಟ್ಟವು. ಹೊಸ ಅಧಿಕಾರಿಗೆ ತಲೆ ಕೆಟ್ಟಿತು. “ಕದ್ದು ಮೇವು ಹಾಕಿದೀಯಲ್ಲೋ, ಕಳ್ಳ! ನಾಳೆಯಿಂದ ಈ ಕಡೆ ಕಾಲಿಡಬೇಡ” ಎಂದು ಕೂಗಾಡಿದರು. ಅಣ್ಣ ಬಾಯಿ ತೆರೆದರೆ, “ಎದುರು ಮಾತಾಡ್ತೀಯಾ?” ಎಂದು ಗದರಿದರು. ಅವನು ಎರಡು ದಿನ ಮನೆಯಲ್ಲಿ ಯಾರ ಮುಖವನ್ನೂ ನೋಡದೆ ಗೋಡೆ ಕಡೆ ತಿರುಗಿ ಮಲಗಿದ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಅದೇ ಕೇಂದ್ರದಲ್ಲಿ ಮಾಂಸ ಪರೀಕ್ಷಿಸುವ ಕೋಣೆಯಲ್ಲಿ ಕೆಲಸ ಮಾಡುವವಳು. ಮೂರನೆಯ ದಿನ ಆ ಮರಿಗಳನ್ನು ಕೊಯ್ದು ನಮ್ಮಲ್ಲಿಗೆ ತಂದರು. ತಿಂದಷ್ಟು ಸಿಕ್ಕಿದ್ದ ಮರಿಗಳ ಮೂತ್ರಪಿಂಡದ ಸುತ್ತ ಹಿಡಿ ತುಂಬ ಬಿಳಿ ಕೊಬ್ಬು, ಬೇಯಿಸಿದರೆ ಮಾಂಸ ಮೆತ್ತಗೆ. ಅರೆಹೊಟ್ಟೆಯವುಗಳಲ್ಲಿ ಕೊಬ್ಬು ಹೆಸರಿಗೂ ಇಲ್ಲ. ರುಚಿ ನೋಡುವವರು ಜಗಿದು ಜಗಿದು ದವಡೆ ಹಿಡಿದುಕೊಂಡರು. ನಾನು ಎರಡೂ ಬಗೆಯ ಮೂತ್ರಪಿಂಡಗಳನ್ನು ಟ್ರೇಯಲ್ಲಿಟ್ಟುಕೊಂಡು, ಅಣ್ಣನನ್ನು ಮನೆಯಿಂದ ಕರೆಸಿ, ಅಧಿಕಾರಿಯ ಕೋಣೆಗೆ ನುಗ್ಗಿದೆ.

“ಕದ್ದು ತಿಂದ ಮರಿ ಹೀಗಿರತ್ತಾ ಸಾರ್? ಎಲ್ಲಿ ಕೊಬ್ಬು? ತೋರಿಸಿ ನೋಡೋಣ!”

“ಹಾಗಾದ್ರೆ ತೂಕ ಹೇಗೆ ಬಂತು?” ಎಂದರು ಅಧಿಕಾರಿ.

“ನೀರು ಸಾರ್,” ಎಂದ ಅಣ್ಣ. “ತೂಗೋ ದಿನ ಮೇವೂ ಕೊಡಬಾರದು, ನೀರೂ ಕೊಡಬಾರದು. ಬೆಳಗ್ಗೆ ಆರಕ್ಕೇ ತೂಗಬೇಕು. ನೀವು ಬಂದಿದ್ದು ಹನ್ನೊಂದಕ್ಕೆ. ತಡ ಆಗತ್ತೆ, ನೀರು ಕುಡಿಸು ಅಂತ ಫೋನ್ ಮಾಡಿದ್ರಿ. ಹಸಿದ ಮರಿಗಳು ಹೊಟ್ಟೆ ತುಂಬ ನೀರೇ ಕುಡಿದ್ವು, ಮಿಕ್ಕವು ಬಾಯಿ ತೇವ ಮಾಡ್ಕೊಂಡ್ವು ಅಷ್ಟೆ. ಅದನ್ನೇ ಅವತ್ತು ಹೇಳೋಕೆ ಬಂದೆ.”

ಅಧಿಕಾರಿ ಟ್ರೇ ನೋಡಿದರು, ತಮ್ಮ ಗಡಿಯಾರ ನೋಡಿಕೊಂಡರು. ಕೊನೆಗೆ ದನಿ ತಗ್ಗಿಸಿ, “ಆಯ್ತಪ್ಪ, ನೀನು ಕಳ್ಳ ಅಲ್ಲ. ಆಗಿದ್ದಾಯ್ತು, ನಾಳೆ ಕೆಲಸಕ್ಕೆ ಬಾ” ಎಂದರು. ಆಗಿದ್ದಾಯ್ತಂತೆ! ಎಷ್ಟು ಸಲೀಸು!

“ಅಂಗಳಕ್ಕೆ ಬಂದು ಹೇಳಿ ಸಾರ್,” ಎಂದ ಅಣ್ಣ.

ನಾನು ಬಾಗಿಲಲ್ಲೇ ನಿಂತು ಎಲ್ಲರನ್ನೂ ಕೂಗಿ ಕರೆದೆ. ಬೇರೆ ದಾರಿಯಿಲ್ಲದೆ ಅಧಿಕಾರಿ ಹೊರಗೆ ಬಂದರು. ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ, “ಇವನು ಕಳ್ಳ ಅಲ್ಲ” ಎಂದು ಗೊಣಗಿದರು.

ಅಣ್ಣ ಕದಲಲಿಲ್ಲ.

“ಅವತ್ತು ಹಿಂದೆ ನಿಂತೋರಿಗೂ ಕೇಳಿಸಿತ್ತು ಸಾರ್,” ಎಂದ. “ಇನ್ನೊಂದು ಸಲ ಹೇಳಿ.”