ತಾಯಿಯ ಹಾಳೆ, ಮಗಳ ಹಾಳೆ

ಮಕ್ಕಳ ಮನಸ್ಸಿನ ಆರೋಗ್ಯದ ಸರ್ವೆಗೆಂದು ಶಾಗ್ಯ ಎಂಬ ಹಳ್ಳಿಗೆ ಹೋಗಿದ್ದೆ. ತಾಯಿಗೊಂದು ಹಾಳೆ, ಮಗಳಿಗೊಂದು ಹಾಳೆ; ಎರಡರಲ್ಲೂ ಅವೇ ಪ್ರಶ್ನೆಗಳು. ಒಬ್ಬರದನ್ನು ಇನ್ನೊಬ್ಬರು ನೋಡಬಾರದು ಅನ್ನೋದು ನಿಯಮ. ಒಂಬತ್ತನೇ ಕ್ಲಾಸಿನ ಹುಡುಗಿ ತನ್ನದನ್ನು ಪೆನ್ಸಿಲಿನಲ್ಲಿ ತುಂಬಿ ಮಡಿಚಿಟ್ಟಳು. ತಾಯಿಗೆ ಓದು ಬಾರದು. "ಮಗ್ಳೇ ಓದ್ಲಿ ಬುಡಿ ಸಾ" ಅಂದಳು. ನನಗೂ ಹನೂರಿನ ಬಸ್ಸಿನ ಆತುರ, ಒಪ್ಪಿಬಿಟ್ಟೆ.

"ನಿಮ್ಮ ಮಗಳಿಗೆ ಬದುಕೇ ಬೇಡ ಅನ್ನಿಸಿದ್ದುಂಟಾ?" ಹುಡುಗಿ ಪಾಠ ಓದುವ ಹಾಗೆ ಓದಿದಳು.

ತಾಯಿ ನಕ್ಕಳು. "ಇವ್ಳ್ಗಾ ಸಾ? ಉಂಡ್ಕಂಡು ತಿನ್ಕಂಡು ಚೆಂದಾಗವ್ಳೆ. ಇಲ್ಲ ಅಂತ ಬರಿಯವ್ವ."

ಬರೆದಳು. ಆಮೇಲೆ ನನ್ನ ಹತ್ತಿರ ರಬ್ಬರ್ ಕೇಳಿದಳು, ಕೊಟ್ಟೆ. ತನ್ನ ಹಾಳೆ ಬಿಚ್ಚಿ, ಅದೇ ಪ್ರಶ್ನೆಯ ಮುಂದೆ ತಾನು ಬರೆದಿದ್ದ 'ಹೌದು' ಅಳಿಸಿಯೇಬಿಟ್ಟಳು.

"ಯಾಕಮ್ಮ?" ಅಂದೆ.

"ಅವ್ವ ಇಲ್ಲ ಅಂದ್ಲಲ್ಲ ಸಾ."

ಒಳ್ಳೇ ಹುಡುಗಿ. ರಬ್ಬರನ್ನು ಮರೆಯದೆ ವಾಪಸ್ ಕೊಟ್ಟಳು.